ಗೆರೆಗಳು ಒಪ್ಪಂದಕ್ಕೆ ಬಂದ ಕಥೆ



ಹೊಸೂರು ಸೀಮೆಯ ನಮ್ಮ ಮನೆಗಳಲ್ಲಿ ಮಾತು ಕನ್ನಡ, ಜಮೀನಿನ ಪಟ್ಟಾ ತಮಿಳು. ಆದರೂ ಹೊಲದ ಎಫ್.ಎಂ.ಬಿ. ನಕ್ಷೆಯನ್ನು ಮುಂದೆ ಹರಡಿದರೆ ಗಡಿ ಎಲ್ಲಿದೆ ಎಂಬುದು ಎಲ್ಲರಿಗೂ ತಿಳಿಯುತ್ತದೆ. ಗೆರೆಗೆ ಭಾಷೆಯ ಹಂಗಿಲ್ಲ. ಆದರೆ ಯಾವ ಗುರುತಿಗೆ ಯಾವ ಅರ್ಥ ಎಂಬ ಒಪ್ಪಂದ ಬೇಕು. ಕಂಪ್ಯೂಟರಿಗೆ ಸಾಫ್ಟ್‌ವೇರ್ ಕಟ್ಟುವವರು ಇಂಥ ಒಪ್ಪಂದಕ್ಕೆ ಬರಲು ಅರ್ಧ ಶತಮಾನವೇ ಹಿಡಿಯಿತು.

1947ರಲ್ಲಿ ಅಮೆರಿಕದಲ್ಲಿ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ಎಂಬ ಗಣಿತಜ್ಞರು ಕಂಪ್ಯೂಟರ್ ಮಾಡುವ ಲೆಕ್ಕದ ಹೆಜ್ಜೆಗಳನ್ನು ಚೌಕ ಮತ್ತು ಬಾಣಗಳಲ್ಲಿ ಬರೆದು ತೋರಿಸಿದರು. ಅಷ್ಟೇ ಸಾಲದೆಂದು ತೋರಿಸಿಕೊಟ್ಟದ್ದು ಟೆಲಿಫೋನು. ಫೋನು ಮೊದಲು ಸುಮ್ಮನಿರುತ್ತದೆ. ಎತ್ತಿದರೆ ಡಯಲ್ ಟೋನ್, ಆಮೇಲೆ ಗಂಟೆ, ಆಮೇಲೆ ಮಾತು. ಪ್ರತಿಯೊಂದೂ ಒಂದು ಸ್ಥಿತಿ. ಒಂದರಿಂದ ಇನ್ನೊಂದಕ್ಕೆ ಒಂದು ಬಾಣ. ಇದನ್ನು ಬರೆಯಲೆಂದೇ ಅಂತರರಾಷ್ಟ್ರೀಯ ದೂರಸಂಪರ್ಕ ಸಮಿತಿಯು 1976ರಲ್ಲಿ ಎಸ್.ಡಿ.ಎಲ್. ಎಂಬ ಚಿತ್ರಭಾಷೆಯನ್ನು ಮಾನ್ಯ ಮಾಡಿತು. 1986ರಲ್ಲಿ ಚೆನ್ನಮ್ಮನ ಕಿತ್ತೂರಿಗೆ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂದಾಗ, ಹಳ್ಳಿಯ ಕರೆಯೂ ಸಾಫ್ಟ್‌ವೇರಿನ ಇಂಥ ಸ್ಥಿತಿಗಳನ್ನು ದಾಟಿಯೇ ಹೋಗತೊಡಗಿತು.

1994ರ ಹೊತ್ತಿಗೆ ಸಾಫ್ಟ್‌ವೇರ್ ಯೋಜಿಸುವ ಪದ್ಧತಿಗಳು 50ಕ್ಕೂ ಮೀರಿದ್ದವು. ಬ್ಯಾಂಕಿನ ‘ಖಾತೆ’ ಎಂಬುದನ್ನು ಗ್ರೇಡಿ ಬೂಚ್ ಅವರ ಪದ್ಧತಿಯಲ್ಲಿ ಮೋಡದ ಆಕಾರದಲ್ಲಿ ಬರೆದರೆ, ಜೇಮ್ಸ್ ರಂಬಾ ಅವರದರಲ್ಲಿ ಚೌಕದಲ್ಲಿ ಬರೆಯಬೇಕು. ಸ್ವೀಡನ್ನಿನ ಎರಿಕ್ಸನ್ ಟೆಲಿಫೋನ್ ಕಂಪನಿಯಲ್ಲಿ ದುಡಿದಿದ್ದ ಇವಾರ್ ಯಾಕಬ್‌ಸನ್ ಬಳಕೆದಾರನನ್ನು ಕಡ್ಡಿಮನುಷ್ಯನಾಗಿ ಬರೆಯುತ್ತಿದ್ದರು. ಒಬ್ಬರ ನಕ್ಷೆ ಇನ್ನೊಬ್ಬರಿಗೆ ತಿಳಿಯದ ಕಾಲ ಅದು. 1994ರಲ್ಲಿ ರಂಬಾ, 1995ರಲ್ಲಿ ಯಾಕಬ್‌ಸನ್, ಬೂಚ್ ಇದ್ದ ರ‍್ಯಾಷನಲ್ ಕಂಪನಿಯನ್ನೇ ಸೇರಿದರು. ಮೂವರ ಮಾತುಕತೆಯಿಂದ ಹುಟ್ಟಿ, ಇತರ ಕಂಪನಿಗಳೂ ಕೈಗೂಡಿಸಿದ ಯು.ಎಂ.ಎಲ್. ಎಂಬ ಚಿತ್ರಭಾಷೆಯನ್ನು 1997ರ ನವೆಂಬರಿನಲ್ಲಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಒಪ್ಪಿಕೊಂಡಿತು. ಚೌಕ ಉಳಿಯಿತು, ಕಡ್ಡಿಮನುಷ್ಯನೂ ಉಳಿದ. ಬೂಚ್ ತಮ್ಮ ಮೋಡವನ್ನು ಬಿಟ್ಟುಕೊಟ್ಟರು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡು ನಕ್ಷೆ ತಿದ್ದಿಸದಿದ್ದರೆ ಏನಾಗುತ್ತದೆಂದು ನಮಗೆ ಗೊತ್ತಲ್ಲ! ಸಾಫ್ಟ್‌ವೇರೂ ಹಾಗೆಯೇ. ಕೆಲಸ ಬದಲಾಗುತ್ತದೆ, ನಕ್ಷೆ ಹಳೆಯದೇ ಇರುತ್ತದೆ. ಅದನ್ನು ನಂಬಿದ ಹೊಸಬ ದಾರಿ ತಪ್ಪುತ್ತಾನೆ. 2001ರಲ್ಲಿ ಹದಿನೇಳು ಮಂದಿ ತಜ್ಞರು ಸೇರಿ, ವಿಸ್ತಾರವಾದ ಕಾಗದಪತ್ರಕ್ಕಿಂತ ನಡೆಯುವ ಸಾಫ್ಟ್‌ವೇರೇ ಮೇಲು ಎಂದು ಸಾರಿದರು. ಹಾಗೆಂದು ನಕ್ಷೆ ಬೇಡವೆಂದಲ್ಲ. ಸುಳ್ಳು ನಕ್ಷೆ ಬೇಡ.

ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವ ನಮ್ಮ ಮಕ್ಕಳು ಬಿಡಿಸುವ ಚೌಕಗಳ ಹಿಂದೆ ಇಷ್ಟು ಇತಿಹಾಸವಿದೆ. ಗೆರೆ ಎಳೆಯುವುದು ಸುಲಭ. ಎಳೆದ ಗೆರೆಯನ್ನು ನೆಲಕ್ಕೆ ಸರಿಯಾಗಿ ಇಟ್ಟುಕೊಳ್ಳುವುದೇ ಕಷ್ಟ.