ಓಟಿಗೆ ಬಿಟ್ಟ ಮದುವೆ

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗುವ ಹಕ್ಕು ಈಗಿರುವ ಕಾನೂನಿನಲ್ಲಿಲ್ಲ, ಬೇಕಾದರೆ ಪಾರ್ಲಿಮೆಂಟು ಕೊಡಲಿ ಅಂತ. ಮದುವೆ ಮೂಲಭೂತ ಹಕ್ಕಲ್ಲ ಅನ್ನುವುದರಲ್ಲಿ ಐವರು ನ್ಯಾಯಮೂರ್ತಿಗಳಿಗೂ ಒಮ್ಮತ. ಇಂಥ ಜೋಡಿಗಳ ಕೂಡುಬಾಳಿಗೆ ಏನಾದರೂ ಮಾನ್ಯತೆ ಇರಲಿ ಅಂದವರು ಇಬ್ಬರು, ಅದೂ ನಮ್ಮ ಕೈಲಿಲ್ಲ ಅಂದವರು ಮೂವರು. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ಬಿದ್ದುಹೋದವು.

ಪಾರ್ಲಿಮೆಂಟು ಅಂದರೆ ಯಾರು? ನಾವೇ ಓಟು ಹಾಕಿ ಕಳಿಸಿದವರು. ಹಕ್ಕು ಕೇಳಿ ಬಂದ ಕೆಲವರನ್ನು, ಹೋಗಿ ಬಹಳ ಜನರ ಮನಸ್ಸು ಗೆದ್ದು ಬನ್ನಿ ಅಂತ ಕಳಿಸಿದಂತಾಯಿತು. ಬಬ್ಬೂರಿನವರಾದ ನಮಗೆ ತೀರ್ಪಿಗಿಂತ ಹೆಚ್ಚು ನೋವು ಕೊಟ್ಟದ್ದು ನಮ್ಮ ಕೇರಿಯ ಜಗಲಿಗಳಲ್ಲಿ ಕೇಳಿದ ಮಾತು. "ಸರಿಯಾಗೇ ಹೇಳವ್ರೆ ಬುಡಣ್ಣ, ಜನ ಒಪ್ಪದ್ದನ್ನ ಕೋರ್ಟು ಹೆಂಗೆ ಕೊಡ್ತೈತೆ?" ಹೀಗಂದವರು ಮೇಲ್ಜಾತಿಯವರಲ್ಲ. ನಮ್ಮ ಜೊತೆ ಧರಣಿ ಕೂತವರು, ತಮಟೆ ಬಡಿದವರು.

ಜನ ಒಪ್ಪಬೇಕು ಅನ್ನುವ ಷರತ್ತಿನ ಚರಿತ್ರೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜಾತಿ ಮೀರಿದ ಹಿಂದೂ ಮದುವೆಗಳು ಸಿಂಧು ಅಂತ ದೇಶಕ್ಕೆಲ್ಲ ಒಂದು ಕಾಯಿದೆ ಬಂದದ್ದು 1949ರಲ್ಲಿ. ಅವತ್ತು ಊರೂರಿನಲ್ಲಿ ಕೈ ಎತ್ತಿಸಿದ್ದರೆ ಅದು ಗೆಲ್ಲುತ್ತಿತ್ತೆ? ಇವತ್ತು ಎತ್ತಿಸಿದರೆ? ಬಾಬಾಸಾಹೇಬರು ಹಿಂದೂ ಕೋಡ್ ಬಿಲ್ಲಿನಲ್ಲಿ ಹೆಣ್ಣಿಗೆ ವಿಚ್ಛೇದನದ ಹಕ್ಕು, ಆಸ್ತಿಯ ಹಕ್ಕು ಬರೆದರು. ಸನಾತನಿಗಳು ಎದ್ದು ನಿಂತರು, ಚುನಾವಣೆ ಹತ್ತಿರ ಬಂದಿತ್ತು, ಬಿಲ್ಲು ಮೂಲೆಗೆ ಬಿತ್ತು. 1951ರ ಸೆಪ್ಟೆಂಬರಿನಲ್ಲಿ ಅವರು ಮಂತ್ರಿಗಿರಿ ಬಿಟ್ಟು ಹೊರಬಂದರು. ಅದಾದ ಕೆಲವೇ ತಿಂಗಳಿಗೆ ಉತ್ತರ ಮುಂಬಯಿಯ ಮತದಾರರು ಅವರನ್ನೇ ಸೋಲಿಸಿದರು.

ಅಷ್ಟು ದೂರ ಯಾಕೆ? 2019ರಲ್ಲಿ ನಮ್ಮ ಚಿತ್ರದುರ್ಗ ಮೀಸಲು ಕ್ಷೇತ್ರದಿಂದ ಎ. ನಾರಾಯಣಸ್ವಾಮಿ ಗೆದ್ದು ಲೋಕಸಭೆಗೆ ಹೋದರು. (ಅವರ ಪಕ್ಷ ನಮಗೆ ಒಪ್ಪಿತವಲ್ಲ, ಅದು ಬೇರೆ ಮಾತು.) ಅದೇ ಸೆಪ್ಟೆಂಬರಿನಲ್ಲಿ ಇದೇ ಕ್ಷೇತ್ರಕ್ಕೆ ಸೇರಿದ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದರೆ, ದಲಿತರೆಂದು ಒಳಗೆ ಬಿಡಲಿಲ್ಲ. ದಿಲ್ಲಿಯ ಬಾಗಿಲು ತೆಗೆದ ಓಟು ಹಟ್ಟಿಯ ಬೇಲಿ ತೆಗೆಯಲಿಲ್ಲ.

ಶಾಸನಸಭೆಗಳು ಇಂಥವರಿಗೆ ಏನು ಕೊಟ್ಟಿವೆ ಅಂತಲೂ ನೋಡೋಣ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದರು. ಅಲೆಮಾರಿಗಳನ್ನು ಹುಟ್ಟುಗಳ್ಳರೆಂದು ಕರೆದ ಆ ಕಾಯಿದೆಯ ಇನ್ನೊಂದು ಭಾಗ ಹಿಜಡಾಗಳನ್ನು ರಿಜಿಸ್ಟರಿಗೆ ಹತ್ತಿಸಿತ್ತು. ಬಿಳಿಯರು ಹೋದರು. 2011ರಲ್ಲಿ ನಮ್ಮದೇ ವಿಧಾನಮಂಡಲ ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಅನ್ನುವ ಕಲಮು ಸೇರಿಸಿ, ಮಕ್ಕಳನ್ನು ಕದಿಯುವ, 'ಅಸಹಜ ಅಪರಾಧ' ಮಾಡುವ ಸಂಶಯದ ಹೆಸರಲ್ಲಿ ಹಿಜಡಾಗಳ ಪಟ್ಟಿ ಇಡಿ ಅಂದಿತು. ಸಂಘಟನೆಗಳು ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಕಲಮಿನಿಂದ ಆ ಪದ ಹೋಯಿತು. ಸಲಿಂಗಿಗಳು ಬೇರೆ, ಹಿಜಡಾಗಳು ಬೇರೆ. ಆದರೆ ಕಾನೂನು ಇಬ್ಬರನ್ನೂ ಒಂದೇ ಗೋಣಿಗೆ ತುಂಬಿತ್ತು. 'ಅಸಹಜ' ಅನ್ನುವ ಆ 377ನೇ ಕಲಮಿನ ಹಿಡಿತ 2018ರಲ್ಲಿ ಸಡಿಲಿಸಿದ್ದೂ ಕೋರ್ಟೇ, ಓಟಲ್ಲ.

ನೇರವಾಗಿ ಓಟಿಗೇ ಇಟ್ಟ ನಾಡೂ ಉಂಟು. ನಮ್ಮ ಕನ್ನಡದ ಹುಡುಗರು ಕಂಪ್ಯೂಟರ್ ಕೆಲಸಕ್ಕೆ ಹೋಗಿ ನೆಲೆಸಿರುವ ಕ್ಯಾಲಿಫೋರ್ನಿಯಾದಲ್ಲಿ 2008ರ ಮೇ ತಿಂಗಳಲ್ಲಿ ಕೋರ್ಟು ಈ ಮದುವೆ ಒಪ್ಪಿತು. ಸಾವಿರಾರು ಜೋಡಿಗಳು ಮದುವೆಯಾದವು. ನವೆಂಬರ್ 4ರಂದು ಮತದಾರರಲ್ಲಿ ಶೇ. 52 ಮಂದಿ ಬೇಡ ಅಂದರು. ಅದೇ ದಿನ, ಅದೇ ಜನ ಒಬಾಮಾರನ್ನು ಗೆಲ್ಲಿಸಿದ್ದರು. ಒಬಾಮಾರ ತಾಯಿ ಬಿಳಿಯಳು, ತಂದೆ ಆಫ್ರಿಕದವನು. ಅಂಥ ಮದುವೆ 1967ರ ತನಕ ಅಮೆರಿಕದ 16 ರಾಜ್ಯಗಳಲ್ಲಿ ಕಾನೂನುಬಾಹಿರವಾಗಿತ್ತು! ಕ್ಯಾಲಿಫೋರ್ನಿಯಾದಲ್ಲಿ ಈ ಮದುವೆಗಳು ಮತ್ತೆ ಶುರುವಾದದ್ದು 2013ರಲ್ಲಿ, ಕೋರ್ಟಿನಿಂದ. 2024ರಲ್ಲಿ ಮತದಾರರೇ ತಮ್ಮ ಹಳೆಯ ನಿಷೇಧವನ್ನು ಅಳಿಸಿದರು. ಜನ ಬದಲಾಗುವುದೇ ಇಲ್ಲ ಅಂತ ನಾವು ಹೇಳುತ್ತಿಲ್ಲ. ಆ 16 ವರ್ಷ ಬದುಕಬೇಕಾದವರು ಯಾರು ಅಂತ ಕೇಳುತ್ತಿದ್ದೇವೆ.

ಗೆಳೆಯರೇ, ಇನ್ನೊಂದು ಸಂಗತಿ ನಮ್ಮ ಜಗಲಿಗೆ ತಲುಪಿಯೇ ಇಲ್ಲ. ಈ ಅರ್ಜಿಗಳು ಕೈಹಿಡಿದದ್ದು 1954ರ ವಿಶೇಷ ವಿವಾಹ ಕಾಯಿದೆಯನ್ನು. ನಮ್ಮ ಹುಡುಗ ಮೇಲ್ಜಾತಿಯ ಹುಡುಗಿಯನ್ನು ಪುರೋಹಿತನಿಲ್ಲದೆ ಮದುವೆಯಾಗಲು ಹೋಗುವುದೂ ಅದೇ ಕಾಯಿದೆಯ ಬಾಗಿಲಿಗೆ. ಅಲ್ಲಿ ಅವರ ನೋಟೀಸು 30 ದಿನ ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ತೂಗುತ್ತದೆ, ಯಾರು ಬೇಕಾದರೂ ಓದಿಕೊಂಡು ದೊಣ್ಣೆ ಹುಡುಕಬಹುದು. ಅರ್ಜಿದಾರರಲ್ಲಿ ಕೆಲವರು ಆ ನೋಟೀಸು ತೆಗೆಯಿರಿ ಅಂತಲೂ ಕೇಳಿದ್ದರು. ಅದೂ ಇತ್ಯರ್ಥವಾಗಲಿಲ್ಲ.