ಮನೆಯಂಗಳಕ್ಕೆ ಗುಲಾಬಿ ಬಣ್ಣದ ಹೂಗಿಡಗಳ ಆಯ್ಕೆ

ಬೀದಿಬದಿಯಲ್ಲಿ ಮೈತುಂಬ ಹೂ ಬಿಟ್ಟ ಮರವನ್ನು ಕಂಡು, ಅದೇ ಸಸಿ ಬೇಕೆಂದು ಸಸ್ಯಾಗಾರಗಳಿಗೆ ಬರುವ ಸಾರ್ವಜನಿಕರು ಅನೇಕರು. ಆದರೆ ಹೂವಿನ ಬಣ್ಣವು ಕೊನೆಯಲ್ಲಿ ನಿರ್ಧರಿಸತಕ್ಕ ವಿಷಯ. ನಿವೇಶನದ ಅಳತೆ, ಬೀಳುವ ಬಿಸಿಲು, ಮಣ್ಣಿನ ಗುಣ ಹಾಗೂ ಮನೆಯಲ್ಲಿ ಚಿಕ್ಕ ಮಕ್ಕಳು ಅಥವಾ ಜಾನುವಾರುಗಳು ಇರುವವೇ ಎಂಬುದನ್ನು ಮೊದಲು ಪರಿಶೀಲಿಸುವುದು ಸೂಕ್ತ. ಇವುಗಳಿಗೆ ಹೊಂದುವ ಗಿಡಗಳಲ್ಲಿ ಗುಲಾಬಿ ಬಣ್ಣದವು ಸಾಕಷ್ಟಿವೆ.

ಮರಗಳು

ಬೆಂಗಳೂರಿನಲ್ಲಿ ಚಳಿಗಾಲದ ಕೊನೆಯಲ್ಲಿ ಎಲೆಯುದುರಿಸಿ ಹೂ ತುಂಬಿಕೊಳ್ಳುವ ಟಬೆಬೂಯ ರೋಸಿಯ ಮಧ್ಯ ಅಮೆರಿಕ ಭಾಗದಿಂದ ಬಂದದ್ದು. ಇದು 15 ಮೀಟರ್ ಅಥವಾ ಅದಕ್ಕೂ ಎತ್ತರಕ್ಕೆ ಬೆಳೆಯುತ್ತದೆ. 30×40 ಅಡಿ ನಿವೇಶನದಲ್ಲಿ ಮನೆ ಕಟ್ಟಿದ ನಂತರ ಉಳಿಯುವ ಜಾಗ ಈ ಮರಕ್ಕೆ ಸಾಲದು. ಕೊಂಬೆಗಳು ವಿದ್ಯುತ್ ತಂತಿಯನ್ನು ಮುಟ್ಟಿದ ಮೇಲೆ ಕಡಿಯೋಣವೆಂದರೆ, ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976 ಅನ್ವಯವಾಗುವ ಪ್ರದೇಶಗಳಲ್ಲಿ, ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟು, ಸ್ವಂತ ನಿವೇಶನದ ಮರಕ್ಕೂ ವೃಕ್ಷಾಧಿಕಾರಿಯ ಪೂರ್ವಾನುಮತಿ ಅವಶ್ಯಕ. ಆದ್ದರಿಂದ ನೆಡುವ ದಿನವೇ ಇಪ್ಪತ್ತು ವರ್ಷದ ನಂತರದ ಮರವನ್ನು ಎಣಿಸಿಕೊಳ್ಳಬೇಕು. ಚಿಕ್ಕ ನಿವೇಶನಕ್ಕೆ ಕ್ರೇಪ್ ಮಿರ್ಟಲ್ ಅನುಕೂಲ. ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುವ ಈ ಗಿಡವನ್ನು ಚಳಿಗಾಲದಲ್ಲಿ ಸವರಿ ಆಳೆತ್ತರಕ್ಕೆ ಇಟ್ಟುಕೊಳ್ಳಬಹುದು.

ಪೊದೆಗಳು ಮತ್ತು ಬಳ್ಳಿಗಳು

ಬಯಲುಸೀಮೆಯ ಬಿಸಿಲಿಗೆ ಬೋಗನ್‌ವಿಲ್ಲಾ ಗಿಡಕ್ಕಿಂತ ಸುಲಭವಾದದ್ದು ವಿರಳ. ನಾವು ಹೂವೆಂದು ಕರೆಯುವ ಗುಲಾಬಿ ಭಾಗವು ವಾಸ್ತವವಾಗಿ ಬಣ್ಣ ತಳೆದ ಎಲೆ. ನಿಜವಾದ ಹೂವು ಅದರ ಮಧ್ಯದಲ್ಲಿರುವ ಸಣ್ಣ ಬಿಳಿ ಕೊಳವೆ. ಈ ಗಿಡ ಹೂ ಬಿಡದೆ ಬರೀ ಎಲೆಯಾಗಿ ಹಬ್ಬುತ್ತಿದ್ದರೆ ಹೆಚ್ಚಿನ ಸಂದರ್ಭಗಳಲ್ಲಿ ಅತಿಯಾದ ನೀರು, ಅತಿಯಾದ ಗೊಬ್ಬರ ಅಥವಾ ನೆರಳು ಕಾರಣವಾಗಿರುತ್ತದೆ. ನೀರನ್ನು ಕಡಿಮೆ ಮಾಡಿದರೆ ಬಣ್ಣ ಬರುತ್ತದೆ.

ಬೆಟ್ಟದಾವರೆಯು ಬೆಳಿಗ್ಗೆ ಬಿಳಿಯಾಗಿ ಅರಳಿ, ಮಧ್ಯಾಹ್ನದ ವೇಳೆಗೆ ಗುಲಾಬಿಯಾಗಿ, ಸಂಜೆಗೆ ಕೆಂಪೇರುತ್ತದೆ. ರಂಗೂನ್ ಬಳ್ಳಿಯೂ ಹೀಗೆಯೇ; ಸಂಜೆ ಬಿಳಿಯಾಗಿ ಅರಳಿದ ಸುಗಂಧದ ಹೂ ಮುಂದಿನ ದಿನಗಳಲ್ಲಿ ಗುಲಾಬಿ, ನಂತರ ಕೆಂಪು. ಇವು ರೋಗದ ಲಕ್ಷಣಗಳಲ್ಲ, ಗಿಡದ ಸ್ವಭಾವ.

ಮಡಿಕೇರಿಯಂತಹ ತಂಪು ಸ್ಥಳಗಳಲ್ಲಿ ಬೆಳೆಸುವ ಹೈಡ್ರೇಂಜಿಯ ಗಿಡದ ವಿಷಯ ಬೇರೆ. ಇದರ ಬಣ್ಣವನ್ನು ಬಹುಮಟ್ಟಿಗೆ ಮಣ್ಣು ತೀರ್ಮಾನಿಸುತ್ತದೆ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಅಂಶವು ಬೇರಿಗೆ ಸುಲಭವಾಗಿ ದೊರೆತು ಹೂ ನೀಲಿಯಾಗುತ್ತದೆ. ಹುಳಿ ಕಡಿಮೆಯಾದಂತೆ ಅದೇ ಗಿಡ ಗುಲಾಬಿ ಹೂ ಕೊಡುತ್ತದೆ. ಗುಲಾಬಿ ಹೂವಿನ ಕುಂಡವನ್ನು ಕೊಂಡೊಯ್ದು ಮಲೆನಾಡಿನ ಅಂಗಳದಲ್ಲಿ ನೆಟ್ಟವರಿಗೆ ಮುಂದಿನ ವರ್ಷ ನೀಲಿ ಹೂ ಬಂದರೆ ಅದು ಮಾರಾಟಗಾರರ ಮೋಸವಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಅಳತೆಯಲ್ಲಿ ಕೃಷಿ ಸುಣ್ಣ ಸೇರಿಸಿದಲ್ಲಿ ಕ್ರಮೇಣ ಬಣ್ಣ ಮರಳುತ್ತದೆ. ಬಿಳಿ ತಳಿಗಳಿಗೆ ಇದು ಅನ್ವಯಿಸುವುದಿಲ್ಲ.

ಎಚ್ಚರಿಕೆ: ಕಣಗಿಲೆ

ಬರ ತಡೆಯುವ, ವರ್ಷವಿಡೀ ಹೂ ಬಿಡುವ, ಖರ್ಚಿಲ್ಲದೆ ಬೆಳೆಯುವ ಗುಲಾಬಿ ಹೂವಿನ ಗಿಡಗಳಲ್ಲಿ ಕಣಗಿಲೆಗೆ ಅಗ್ರಸ್ಥಾನ, ಪೂಜೆಗೂ ಬಳಕೆಯಲ್ಲಿದೆ. ಆದರೆ ಇದರ ಎಲೆ, ಕಾಂಡ, ಬೇರು, ಹೂ ಎಲ್ಲವೂ ವಿಷಯುಕ್ತವಾಗಿದ್ದು, ಹೃದಯದ ಬಡಿತದ ಮೇಲೆ ಪರಿಣಾಮ ಬೀರುತ್ತವೆ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ ಹಾಗೂ ಪ್ರಸಾದದಲ್ಲಿ ಈ ಹೂವಿನ ಬಳಕೆಯನ್ನು ಕೈಬಿಟ್ಟವು. ಸವರಿದ ಕಣಗಿಲೆ ರೆಂಬೆಗಳನ್ನು ದನಕರುಗಳು ಮೇಯುವ ಕಡೆ ಎಸೆಯಬಾರದು, ಸೌದೆಯಾಗಿ ಉರಿಸಲೂಬಾರದು. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಈ ಗಿಡವನ್ನು ನೆಡದಿರುವುದೇ ಲೇಸು. ಎಲೆ ಅಥವಾ ಹೂ ತಿಂದದ್ದು ತಿಳಿದ ಕೂಡಲೇ, ಮನೆಮದ್ದಿಗೆ ಕಾಯದೆ, ಗಿಡದ ಒಂದು ರೆಂಬೆಯೊಡನೆ ಆಸ್ಪತ್ರೆಗೆ ಧಾವಿಸಬೇಕು. ಕುಂಡಗಳಲ್ಲಿ ಜನಪ್ರಿಯವಾಗಿರುವ ಅಡೇನಿಯಂ ಇದೇ ಕುಟುಂಬದ್ದಾಗಿದ್ದು, ಅದರ ಹಾಲು ಸಹ ವಿಷಕಾರಿ. ಇಂತಹ ಮನೆಗಳಲ್ಲಿ ಗುಲಾಬಿ ಬಣ್ಣದ ದಾಸವಾಳ ಅಥವಾ ಪನ್ನೀರ್ ಗುಲಾಬಿಯನ್ನು ಬೆಳೆಸಬಹುದು.

ಸಸಿ ಕೊಳ್ಳುವಾಗ

ಬೀಜದಿಂದ ಬೆಳೆಸಿದ ಸಸಿ ತಾಯಿಗಿಡದ ಬಣ್ಣವನ್ನೇ ಕೊಡುವುದೆಂಬ ಖಾತರಿಯಿಲ್ಲ. ದಾಸವಾಳ, ಬೋಗನ್‌ವಿಲ್ಲಾ ಮುಂತಾದವುಗಳಲ್ಲಿ ಕಡ್ಡಿಯಿಂದ ಅಥವಾ ಕಸಿಯಿಂದ ಬೆಳೆಸಿದ ಗಿಡವನ್ನು, ಸಾಧ್ಯವಾದರೆ ಹೂ ಬಿಟ್ಟಿರುವಾಗಲೇ ನೋಡಿ ಕೊಳ್ಳುವುದು ಒಳ್ಳೆಯದು. ಬೇರು ಚೀಲದ ತಳ ಹರಿದು ಸುತ್ತಿಕೊಂಡಿರುವ ಸಸಿಗಳನ್ನು ಬಿಟ್ಟುಬಿಡಬೇಕು.

ಒಂದೇ ಬಗೆಯ ನಾಲ್ಕು ಗಿಡ ನೆಟ್ಟರೆ ಒಂದು ತಿಂಗಳು ಸಡಗರ, ಉಳಿದ ತಿಂಗಳು ಬರೀ ಹಸಿರು. ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಜಿ.ಎಚ್. ಕ್ರುಂಬಿಗಲ್ ಅವರ ಕಾಲದಿಂದ ಬೆಂಗಳೂರಿನ ರಸ್ತೆಗಳಿಗೆ, ಒಂದಾದ ಮೇಲೊಂದು ಹೂ ಬಿಡುವಂತೆ ಮರಗಳನ್ನು ಆರಿಸುವ ಪದ್ಧತಿ ಬೆಳೆದುಬಂದಿದೆ. ಅಂಗಳದಲ್ಲಿಯೂ ಇದನ್ನು ಅನುಸರಿಸಬಹುದು: ಬೇಸಿಗೆಗೆ ಬೋಗನ್‌ವಿಲ್ಲಾ, ಮಳೆಗಾಲಕ್ಕೆ ಕ್ರೇಪ್ ಮಿರ್ಟಲ್ ಮತ್ತು ಕರ್ಣಕುಂಡಲ, ಮಳೆ ಹಿಂದೆಗೆದ ಮೇಲೆ ಜಾಗವಿದ್ದವರಿಗೆ ಬಸವನಪಾದ.

ಸಸಿಗಳನ್ನು ನೆಡಲು ಮುಂಗಾರಿನ ಆರಂಭ ಸೂಕ್ತ ಕಾಲ. ಇಲಾಖೆಯ ಸಸ್ಯಾಗಾರಗಳಲ್ಲಿ ನಿಗದಿತ ದರದಲ್ಲಿ ಸಸಿಗಳನ್ನು ಮಾರಾಟ ಮಾಡಲಾಗುತ್ತದೆ. ದಾಸ್ತಾನು ಋತುವಿಗೆ ಅನುಸಾರ ವ್ಯತ್ಯಾಸವಾಗುವುದರಿಂದ, ತೆರಳುವ ಮುನ್ನ ಆಯಾ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿಯಲ್ಲಿ ವಿಚಾರಿಸುವುದು.