ಹಳ್ಳಿಕಾರ್ ಜೋಡೆತ್ತು ಮತ್ತು ದನಗಳ ಜಾತ್ರೆ

ಬೂವನಹಳ್ಳಿಯನ್ನೊಳಗೊಂಡ ಹಾಸನ ಸೀಮೆಯಲ್ಲಿ ರಾಗಿಯ ಬೇಸಾಯ ಬಹುಕಾಲ ನಿಂತದ್ದು ಹಳ್ಳಿಕಾರ್ ಎತ್ತುಗಳ ಹೆಗಲ ಮೇಲೆ. ಬೂದುಬಣ್ಣದ ಮೈ, ಹಿಂದಕ್ಕೆ ಬಾಗಿ ಮೇಲೇರುವ ಚೂಪು ಕೊಂಬು ಮತ್ತು ದಣಿಯದ ನಡಿಗೆ ಈ ತಳಿಯ ಗುರುತುಗಳಾಗಿದ್ದು, ಭಾರತೀಯ ಅಂಚೆ ಇಲಾಖೆಯು 2000ರಲ್ಲಿ ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಅರ್ಜೆಂಟೀನಾದ ಪಂಪಾ ಹುಲ್ಲುಗಾವಲಿನಲ್ಲಿ ಗೌಚೊ ಎಂಬ ಕುದುರೆ ಸವಾರರು ಮುಖ್ಯವಾಗಿ ಮಾಂಸ ಮತ್ತು ಚರ್ಮಕ್ಕಾಗಿ ದೊಡ್ಡ ಹಿಂಡುಗಳನ್ನು ಕಾಯುತ್ತಿದ್ದರೆ, ಇಲ್ಲಿನ ಒಕ್ಕಲು ಮನೆಗಳು ಉಳುಮೆಗೆಂದು ಒಂದೊಂದು ಜೋಡಿಯನ್ನು ಹೆಸರಿಟ್ಟು ಸಾಕಿದವು. ಮನೆಯ ಮಾನವನ್ನೂ ಆ ಜೋಡಿಯಿಂದಲೇ ಅಳೆಯುತ್ತಿದ್ದರು.

ಸಂಕ್ರಾಂತಿಯಂದು ಎತ್ತುಗಳ ಮೈತೊಳೆದು, ಕೊರಳಿಗೆ ಗೆಜ್ಜೆಯನ್ನೂ ಕೊಂಬಿನ ತುದಿಗೆ ಕೋಡಣಸು ಎಂಬ ಹಿತ್ತಾಳೆಯ ತೊಡಿಗೆಯನ್ನೂ ಹಾಕಿ, ಸಂಜೆ ಉರಿಯುವ ಹುಲ್ಲನ್ನು ದಾಟಿಸುವುದಕ್ಕೆ ‘ಕಿಚ್ಚು ಹಾಯಿಸುವುದು’ ಎನ್ನುತ್ತಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ಜಾತ್ರೆಯು ಇಂಥ ಜೋಡಿಗಳ ವ್ಯಾಪಾರಕ್ಕೆ ಹೆಸರಾದದ್ದು. ದನಗಳ ಜಾತ್ರೆಗಳಲ್ಲಿ ಹಲ್ಲು ನೋಡಿ ವಯಸ್ಸನ್ನು ಹೇಳುವುದೂ, ಮೂರನೆಯವರಿಗೆ ತಿಳಿಯದಂತೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದೂ ರೂಢಿಯಾಗಿದ್ದು, ಪುಸ್ತಕದಲ್ಲಿ ಸಿಗದ ಈ ಜ್ಞಾನ ನಿಜಕ್ಕೂ ದೊಡ್ಡದು. ಟ್ರ್ಯಾಕ್ಟರ್ ಬಂದ ಮೇಲೆ ಉಳುವ ಎತ್ತುಗಳು ಕಡಿಮೆಯಾಗಿವೆ. ಆದರೂ ಈ ತಳಿಯನ್ನು ಉಳಿಸಿಕೊಂಡು ಬಂದಿರುವ ಶ್ರೇಯಸ್ಸು ಬಹುಮಟ್ಟಿಗೆ ರೈತರದೇ.